ಹೆಡ್ ಬೋಲ್ಟಿನ ಅತಿಬಿಗಿ

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ, ಮಲ್ಪೆಯ ಬಂದರಿನಲ್ಲಾಗಲಿ, ಮಂಗಳೂರಿನ ದಕ್ಕೆಯಲ್ಲಾಗಲಿ, ಕಾರವಾರದ ಬೈತಖೋಲದಲ್ಲಾಗಲಿ ಮಗ್ಗುಲಿಗೆ ಮಗ್ಗುಲು ತಾಗಿಸಿ ಕಟ್ಟಿದ ಬೋಟುಗಳ ಬಳಿ ಹಾದುಹೋಗುವವರ ಕಿವಿಗೆ ಬೀಳುವುದು ಮಳೆಯ ಸದ್ದು ಮತ್ತು ಸುತ್ತಿಗೆಯ ಸದ್ದು. ವರುಷದ ಹತ್ತು ತಿಂಗಳು ಉಪ್ಪುಗಾಳಿಯಲ್ಲಿ ದುಡಿದ ಎಂಜಿನ್ನುಗಳ ಸಿಲಿಂಡರಿನ ಬಾಯಿ ಮುಚ್ಚುವ ಹೆಡ್ಡನ್ನು ಬಿಚ್ಚಿ, ವಾಲ್ವುಗಳನ್ನು ಉಜ್ಜಿ ಕೂರಿಸಿ, ಸವೆದ ರಿಂಗುಗಳನ್ನು ಬದಲಿಸುವ ಕಾಲವದು. ಆ ಕೆಲಸದಲ್ಲಿ ಕೈ ಕಪ್ಪು ಮಾಡಿಕೊಂಡ ಯಾವ ಫಿಟ್ಟರನ್ನು ಮಾತಿಗೆ ಎಳೆದರೂ, ಅವನ ದೂರು ಬಹುಮಟ್ಟಿಗೆ ಸಮುದ್ರದ ಮೇಲಲ್ಲ, ಡೀಸೆಲಿನ ಮೇಲೂ ಅಲ್ಲ; ತನಗಿಂತ ಮುಂಚೆ ಆ ಎಂಜಿನ್ನಿಗೆ ಕೈಹಾಕಿ, ತೋಳಿನಲ್ಲಿದ್ದ ಬಲವನ್ನೆಲ್ಲ ಹೆಡ್ ಬೋಲ್ಟುಗಳ ಮೇಲೆ ಪ್ರಯೋಗಿಸಿ ಹೋದ ಇನ್ನೊಬ್ಬ ಫಿಟ್ಟರಿನ ಮೇಲೆ.

ಸಡಿಲವಾಗಿ ಉಳಿದ ಬೋಲ್ಟಿನ ದೋಷ ಬಹುಬೇಗ ಬಯಲಾಗುತ್ತದೆ. ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಕೂರಿಸಿದ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಹೊಗೆ ಉಸುರುತ್ತದೆ, ನೀರು ಒಸರುತ್ತದೆ, ಎಂಜಿನ್ನು ಚಟಪಟ ಎನ್ನುತ್ತದೆ. ಆದರೆ ಮಿತಿಮೀರಿ ಬಿಗಿದ ಬೋಲ್ಟು ನೋಡುವುದಕ್ಕೆ ಉಳಿದವುಗಳಂತೆಯೇ ಇದ್ದು, ಮುಟ್ಟಿದರೆ ಅಲುಗದೆ, ಬಿಗಿದವನಿಗೆ ಸಂಪೂರ್ಣ ತೃಪ್ತಿಯನ್ನು ಕೊಟ್ಟು, ತಿಂಗಳುಗಟ್ಟಲೆ ಕಳೆದ ಮೇಲೆ ಒಂದು ದಿನ ದಡದಿಂದ ನಲವತ್ತು ಮೈಲು ದೂರದಲ್ಲಿ ತನ್ನ ನಿಜಸ್ಥಿತಿಯನ್ನು ಪ್ರಕಟಿಸುತ್ತದೆ. ಈ ವಿಳಂಬವೇ ಅದನ್ನು ಕುರಿತ ಅಜ್ಞಾನಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ತಪ್ಪಿಗೂ ಫಲಕ್ಕೂ ನಡುವೆ ಅಷ್ಟು ಅಂತರವಿದ್ದರೆ, ಒಂದಕ್ಕೊಂದು ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಅಷ್ಟಕ್ಕೂ ಹೆಡ್ಡಿಗೆ ಬಿಗಿತ ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸಫಲವಾಗಿ ನಡೆಸಿ ತೋರಿಸಿದ ಯಂತ್ರದ ತತ್ತ್ವವೇ ಒತ್ತಡ. ಕಿಡಿಯ ನೆರವಿಲ್ಲದೆ, ಕೇವಲ ಗಾಳಿಯನ್ನು ಅದರ ಮೂಲ ಗಾತ್ರದ ಹದಿನಾರನೆಯ ಅಥವಾ ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿ, ಆ ಒತ್ತುವಿಕೆಯಿಂದಲೇ ಹುಟ್ಟಿದ ಶಾಖಕ್ಕೆ ಎಣ್ಣೆಯನ್ನು ಚಿಮ್ಮಿಸಿ ಉರಿಸುವುದು ಅದರ ಕ್ರಮ. 100 ಮಿಲಿಮೀಟರು ವ್ಯಾಸದ ಸಿಲಿಂಡರೊಂದನ್ನು ತೆಗೆದುಕೊಂಡರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರು. ಉರಿಯುವ ಕ್ಷಣದಲ್ಲಿ ಒಳಗಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಮಿನಷ್ಟಿದ್ದರೆ, ಹೆಡ್ಡನ್ನು ಮೇಲಕ್ಕೆ ಎತ್ತಿ ಒಗೆಯಲು ಯತ್ನಿಸುವ ಬಲ ಐದೂವರೆ ಟನ್ನು. ನಿಮಿಷಕ್ಕೆ 1500 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಈ ಪ್ರಯತ್ನವನ್ನು ನಿಮಿಷಕ್ಕೆ 750 ಬಾರಿ ಮಾಡುತ್ತದೆ. ಅದನ್ನು ಅಷ್ಟೂ ಬಾರಿ ವಿಫಲಗೊಳಿಸತಕ್ಕವು ಬೆರಳಿನ ದಪ್ಪದ ಕೆಲವು ಉಕ್ಕಿನ ಕಂಬಿಗಳು.

ಬಿಗಿತ ಬೇಕೆಂಬುದಕ್ಕೆ ಇನ್ನೊಂದು ಕಾರಣವುಂಟು. ಸಾಕಷ್ಟು ಬಿಗಿದ ಬೋಲ್ಟಿಗೆ ಒಳಗಿನ ಈ ಬಡಿತದ ಅರಿವು ಬಹಳ ಕಡಿಮೆ. ಹೆಡ್ಡನ್ನೂ ಬ್ಲಾಕನ್ನೂ ಅದು ಮೊದಲೇ ಒತ್ತಿ ಹಿಡಿದಿರುವುದರಿಂದ, ಒತ್ತಡ ಏರಿ ಇಳಿದಾಗ ವ್ಯತ್ಯಾಸದ ಬಹುಪಾಲನ್ನು ಒತ್ತಲ್ಪಟ್ಟ ಲೋಹ ವಹಿಸಿಕೊಳ್ಳುತ್ತದೆ. ಸಡಿಲ ಬೋಲ್ಟಾದರೋ ಪ್ರತಿಯೊಂದು ಬಡಿತವನ್ನೂ ಮೈಮೇಲೆ ತೆಗೆದುಕೊಂಡು, ಆಯಾಸದಿಂದ ಬಿರುಕು ಬಿಟ್ಟು ಮುರಿಯುತ್ತದೆ. ಆದುದರಿಂದ ಬಿಗಿತವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಬೋಲ್ಟು ಬಿಗಿಯಾಗುವುದು ಎಂದರೇನು ಎಂಬುದನ್ನು ಬಿಗಿಯುವವರಲ್ಲಿ ಅನೇಕರು ವಿಚಾರ ಮಾಡಿಯೇ ಇಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಬೋಲ್ಟು ಒಂದು ಸ್ಪ್ರಿಂಗು. ನಟ್ಟನ್ನು ತಿರುಗಿಸಿದಂತೆ ಕಂಬಿ ಉದ್ದವಾಗಿ ಹಿಗ್ಗುತ್ತದೆ. ಹಿಗ್ಗಿದ್ದು ತನ್ನ ಮೊದಲಿನ ಉದ್ದಕ್ಕೆ ಹಿಂದಿರುಗಲು ಹವಣಿಸುತ್ತದೆ. ಆ ಹವಣಿಕೆಯೇ ಹೆಡ್ಡನ್ನು ಒತ್ತಿ ಹಿಡಿಯುವ ಬಲ. ಎಷ್ಟು ಹಿಗ್ಗೋ ಅಷ್ಟು ಬಲ ಎಂಬ ಈ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿಟ್ಟ ಒಗಟಿನ ರೂಪದಲ್ಲಿ ಪ್ರಕಟಿಸಿ, 1678ರಲ್ಲಿ ತಾನೇ ಬಿಡಿಸಿ ಹೇಳಿದನು. ತನ್ನ ಶೋಧವನ್ನು ಇನ್ನೊಬ್ಬರು ಅಪಹರಿಸದಂತೆ ಹೀಗೆ ಬಚ್ಚಿಡುವುದು ಅಂದಿನ ವಿದ್ವಾಂಸರಲ್ಲಿ ರೂಢಿಯಾಗಿತ್ತು. 12 ಮಿಲಿಮೀಟರು ದಪ್ಪದ, ಹಿಗ್ಗುವ ಭಾಗ 120 ಮಿಲಿಮೀಟರು ಉದ್ದವಿರುವ ಒಳ್ಳೆಯ ಉಕ್ಕಿನ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಹಿಗ್ಗುವುದು ಹೆಚ್ಚೆಂದರೆ ಕಾಲು ಮಿಲಿಮೀಟರು. ಇಡೀ ಎಂಜಿನ್ನಿನ ಭದ್ರತೆ ನಿಂತಿರುವುದು ಈ ಕಾಲು ಮಿಲಿಮೀಟರಿನ ಮೇಲೆ.

ಹುಕ್ಕನ ನಿಯಮಕ್ಕೆ ಒಂದು ಗಡಿಯಿದೆ. ಆ ಗಡಿಯ ಈಚೆಗೆ ಎಷ್ಟು ಎಳೆದರೂ, ಬಿಟ್ಟೊಡನೆ ಉಕ್ಕು ತನ್ನ ಮೂಲ ಉದ್ದಕ್ಕೆ ಬಂದು ನಿಲ್ಲುತ್ತದೆ. ಗಡಿ ದಾಟಿತೋ, ಹಿಗ್ಗಿದ್ದರಲ್ಲಿ ಒಂದು ಭಾಗ ಶಾಶ್ವತವಾಗಿ ಉಳಿದುಬಿಡುತ್ತದೆ. ನವಾರಿನ ಮಂಚವನ್ನು ಹಬ್ಬದ ಮುನ್ನಾದಿನ ಇಬ್ಬರು ಸೇರಿ ಕಾಲು ಕೊಟ್ಟು ಎಳೆದು ಬಿಗಿದಾಗ, ವಾರ ಕಳೆಯುವುದರೊಳಗೆ ಅದು ಮೊದಲಿಗಿಂತ ಹೆಚ್ಚಾಗಿ ಜೋತುಬೀಳುವುದನ್ನು ಹಳೆಯ ಮನೆಗಳಲ್ಲಿ ಬೆಳೆದವರು ಕಂಡಿರಬೇಕು. ಎಳೆದ ಬಲ ಹೆಚ್ಚಾಯಿತು, ನವಾರಿನಲ್ಲಿದ್ದ ಸತ್ತ್ವ ಹೋಯಿತು. ಅತಿಯಾಗಿ ಬಿಗಿದ ಬೋಲ್ಟಿನ ಕಥೆಯೂ ಅದೇ. ಮೊದಲ ಸಲ ಅದು ಮುರಿಯದೆ ಹಿಡಿದುಕೊಂಡೇ ಇರಬಹುದು. ಆದರೆ ಗ್ಯಾಸ್ಕೆಟ್ಟು ಕಾದು ಕುಗ್ಗಿದಾಗ ಅದರ ಹಿಂದೆಯೇ ಕುಗ್ಗಿ ಬರುವ ಶಕ್ತಿ ಅದರಲ್ಲಿ ಕಡಿಮೆಯಾಗಿರುತ್ತದೆ. ಮತ್ತೆ ಬಿಗಿಯಲು ಹೋದರೆ ಬಿಗಿತ ಏರುವ ಬದಲು ಕಂಬಿ ಇನ್ನಷ್ಟು ಉದ್ದವಾಗುತ್ತದೆ, ಒಂದು ಜಾಗದಲ್ಲಿ ಸೊಂಟ ಸಣ್ಣದಾಗುತ್ತದೆ, ಕೊನೆಗೆ ಅಲ್ಲಿಯೇ ತುಂಡಾಗುತ್ತದೆ.

ಇದೆಲ್ಲ ಪುಸ್ತಕದಲ್ಲಿ ಸುಲಭ. ಕಷ್ಟವಿರುವುದು ಎಲ್ಲಿಯೆಂದರೆ, ಕಂಬಿ ಎಷ್ಟು ಹಿಗ್ಗಿತು ಎಂಬುದು ಫಿಟ್ಟರಿನ ಕಣ್ಣಿಗೆ ಕಾಣುವುದಿಲ್ಲ. ಅವನಿಗೆ ತಿಳಿಯುವುದು ತಾನು ಸ್ಪ್ಯಾನರಿನ ಮೇಲೆ ಹಾಕಿದ ತಿರುಚುಬಲ ಮಾತ್ರ. ಕಾರ್ಖಾನೆಯ ಭಾಷೆಯಲ್ಲಿ ಟಾರ್ಕ್ ಎನಿಸಿಕೊಳ್ಳುವ ಈ ಬಲವನ್ನೇ ಅಳೆದು, ಅದರಿಂದ ಹಿಗ್ಗನ್ನು ಊಹಿಸಬೇಕು. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬಾತ, ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿದು ಮುರಿಯುವುದನ್ನು ತಪ್ಪಿಸಲೆಂದು 1918ರ ಸುಮಾರಿಗೆ ಟಾರ್ಕ್ ರೆಂಚನ್ನು ಕಲ್ಪಿಸಿದನೆಂಬುದು ಇಲ್ಲಿ ಸ್ಮರಣೀಯ. ಅಂದರೆ ಈ ಉಪಕರಣ ಹುಟ್ಟಿದ್ದೇ ಅತಿಬಿಗಿಯ ಭಯದಿಂದ, ಸಡಿಲದ ಭಯದಿಂದಲ್ಲ.

ಆದರೆ ಟಾರ್ಕ್ ರೆಂಚು ಹೇಳುವುದು ಕೂಡ ಅರ್ಧಸತ್ಯವೇ. ನಾವು ಸ್ಪ್ಯಾನರಿಗೆ ಕೊಟ್ಟ ಶ್ರಮದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ನಟ್ಟಿನ ಅಡಿಯ ಘರ್ಷಣೆ ನುಂಗುತ್ತದೆ. ಇನ್ನು ಶೇಕಡಾ 40ರಷ್ಟನ್ನು ಥ್ರೆಡ್ಡುಗಳ ಘರ್ಷಣೆ ನುಂಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಸುಮಾರು ಹತ್ತರಲ್ಲಿ ಒಂದು ಪಾಲು. ನುಂಗುವ ಪಾಲು ಸ್ವಲ್ಪ ಕಡಿಮೆಯಾದರೂ ಉಳಿಯುವ ಪಾಲು ಬಹಳ ಹೆಚ್ಚಾಗುತ್ತದೆಯೆಂಬುದೇ ಇಲ್ಲಿಯ ಸೂಕ್ಷ್ಮ. ತಲೆಯ ಮೇಲೆ 8.8 ಎಂಬ ದರ್ಜೆಯ ಗುರುತುಳ್ಳ 12 ಮಿಲಿಮೀಟರಿನ ಬೋಲ್ಟನ್ನೇ ನೋಡಿ. ಎಣ್ಣೆಯಿಲ್ಲದ ಥ್ರೆಡ್ಡಿನ ಮೇಲೆ ಸುಮಾರು 90 ನ್ಯೂಟನ್ ಮೀಟರು ಟಾರ್ಕು ಕೊಟ್ಟರೆ ಅದರಲ್ಲಿ ಹುಟ್ಟುವ ಎಳೆತ 3.8 ಟನ್ನಿನ ಆಸುಪಾಸು. ಇದು ಕ್ಷೇಮವಾದ ಮಟ್ಟ. ಅದೇ ಬೋಲ್ಟಿಗೆ ಎಂಜಿನ್ ಆಯಿಲು ಸವರಿ, ಅದೇ 90ಕ್ಕೆ ತಂದರೆ ಎಳೆತ 5 ಟನ್ನಿಗೆ ಏರಿ ಗಡಿಯ ಅಂಚಿಗೆ ಬಂದು ನಿಲ್ಲುತ್ತದೆ. ಮಾಲಿಬ್ಡಿನಮ್ ಬೆರೆತ ನುಣುಪು ಗ್ರೀಸನ್ನು ಹಚ್ಚಿದರೋ ಎಳೆತ 6 ಟನ್ನನ್ನು ಮೀರುತ್ತದೆ. ಐದೂವರೆ ಟನ್ನಿಗೇ ಶಾಶ್ವತವಾಗಿ ಹಿಗ್ಗುವ ಬೋಲ್ಟು ಅದು. ರೆಂಚಿನ ಮುಳ್ಳು ಮೂರು ಸಲವೂ ತೋರಿಸಿದ್ದು ಒಂದೇ ಅಂಕಿ! ಕೈಪಿಡಿಯಲ್ಲಿ ಕೊಟ್ಟ ಅಂಕಿ ಒಣ ಥ್ರೆಡ್ಡಿಗೋ ಎಣ್ಣೆ ಸವರಿದ ಥ್ರೆಡ್ಡಿಗೋ ಎಂಬುದನ್ನು ಓದದೆ ಕೆಲಸಕ್ಕಿಳಿದ ಪ್ರಾಮಾಣಿಕನೂ ಬೋಲ್ಟನ್ನು ಕೊಲ್ಲಬಲ್ಲ.

ಮಾನಗಳ ಗೊಂದಲವೂ ಇದಕ್ಕೆ ಸೇರಿಕೊಳ್ಳುತ್ತದೆ. ಹಳೆಯ ಬ್ರಿಟಿಷ್ ಎಂಜಿನ್ನಿನ ಕೈಪಿಡಿ ಪೌಂಡು ಅಡಿಗಳಲ್ಲಿಯೂ, ಆಮೇಲಿನದು ಕಿಲೋಗ್ರಾಮು ಮೀಟರುಗಳಲ್ಲಿಯೂ, ಈಚಿನದು ನ್ಯೂಟನ್ ಮೀಟರುಗಳಲ್ಲಿಯೂ ಮಾತನಾಡುತ್ತದೆ. ಮಾರುಕಟ್ಟೆಯ ರೆಂಚಿನ ಮೇಲೆ ಎರಡು ಅಳತೆಪಟ್ಟಿಗಳು ಅಕ್ಕಪಕ್ಕದಲ್ಲಿರುತ್ತವೆ. 90 ನ್ಯೂಟನ್ ಮೀಟರು ಎಂದಿದ್ದುದನ್ನು 90 ಪೌಂಡು ಅಡಿ ಎಂದು ಓದಿಕೊಂಡರೆ ಬಲ 122 ನ್ಯೂಟನ್ ಮೀಟರಿಗೆ, ಎಂದರೆ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಮೇಲಕ್ಕೆ ಹೋಯಿತು. ಮಬ್ಬು ಬೆಳಕಿನ ಎಂಜಿನ್ ಕೋಣೆಯಲ್ಲಿ, ಗ್ರೀಸು ಮೆತ್ತಿದ ಅಳತೆಪಟ್ಟಿಯ ಮೇಲೆ ಇಂತಹ ಪ್ರಮಾದ ನಡೆಯುವುದು ಆಶ್ಚರ್ಯವಲ್ಲ.

ದೊಡ್ಡ ಹಡಗುಗಳ ಎಂಜಿನಿಯರರು ಈ ಘರ್ಷಣೆಯ ಗೋಜಿನಿಂದ ಬಹಳ ಹಿಂದೆಯೇ ಪಾರಾಗಿದ್ದಾರೆ. ಅಲ್ಲಿ ತೋಳಿನ ಗಾತ್ರದ ಸ್ಟಡ್ಡುಗಳನ್ನು, ಎಂದರೆ ಬ್ಲಾಕಿನಲ್ಲಿ ನೆಟ್ಟು ಮೇಲ್ತುದಿಗೆ ನಟ್ಟು ಹಾಕುವ ಕಂಬಿಗಳನ್ನು, ತಿರುಚಿ ಬಿಗಿಯುವ ಪದ್ಧತಿಯೇ ಇಲ್ಲ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಜಾಕನ್ನು ತೊಡಿಸಿ ಸ್ಟಡ್ಡನ್ನು ನೇರವಾಗಿ ಎಳೆದು ಹಿಗ್ಗಿಸಿ, ನಟ್ಟನ್ನು ಕೈಯಿಂದ ಕೂರುವಷ್ಟು ತಿರುಗಿಸಿ, ಒತ್ತಡವನ್ನು ಬಿಟ್ಟರೆ ಮುಗಿಯಿತು. ನಮ್ಮ ಬೋಟುಗಳ ಎಂಜಿನ್ನಿಗೆ ಆ ಭಾಗ್ಯವಿಲ್ಲ.

ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿ ಬಂದದ್ದು ಬಹು ಹಳೆಯ ಕಾಲದಲ್ಲೇನೂ ಅಲ್ಲ. 1952ರಲ್ಲಿ ಒಪ್ಪಂದವಾಗಿ ಕೊಲ್ಲಮ್ಮಿನ ಬಳಿಯ ನೀಂಡಕರೆಯಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ಮುಂದಿನ ದಶಕದಲ್ಲಿ ಕಾರವಾರಕ್ಕೂ ಕೈಚಾಚಿತು. 1970ರ ದಶಕದ ನಡುಭಾಗದಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಬದಿಗೆ ಸರಿಸಿದವು. ಆ ಕಾಲದ ಹಾಯಿ ಹುಟ್ಟುಗಳ ವಿದ್ಯೆಯನ್ನು ಬಲ್ಲವನ ಕೈಗೆ ಒಂದು ತಲೆಮಾರಿನೊಳಗೆ ಸ್ಪ್ಯಾನರು ಬಂತು. ಹಗ್ಗದ ಗಂಟನ್ನು ಎಷ್ಟು ಬಿಗಿದರೂ ಕೇಡಿಲ್ಲವೆಂದು ಕಲಿತ ಕೈ ನಟ್ಟಿಗೂ ಅದೇ ನ್ಯಾಯವನ್ನು ಅನ್ವಯಿಸಿದ್ದು ಸಹಜವಲ್ಲವೆ?

ಅದಕ್ಕಿಂತ ದೊಡ್ಡ ಕಾರಣ ಭಯ. ನಡುಕಡಲಲ್ಲಿ ನೀರಿನ ತೊಟ್ಟಿಯಲ್ಲಿ ಗುಳ್ಳೆ ಏಳುತ್ತದೆ, ಹೆಡ್ಡಿನ ಸಂದಿಯಲ್ಲಿ ಬಿಳಿಯ ಆವಿ ಕಾಣುತ್ತದೆ. ಬಲೆ ನೀರಿನಲ್ಲಿದೆ, ಐಸು ಕರಗುತ್ತಿದೆ. ಬೋಟು ನಡೆಸುವ ತಾಂಡೇಲನಿಗೆ ಹೊಳೆಯುವ ಉಪಾಯ ಒಂದೇ: ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಮೈಭಾರ ಹಾಕುವುದು. 30 ಸೆಂಟಿಮೀಟರು ಉದ್ದದ ಸ್ಪ್ಯಾನರಿನ ತುದಿಗೆ 30 ಕಿಲೋಗ್ರಾಮಿನ ಬಲ ಹಾಕಿದರೆ ಟಾರ್ಕು 9 ಕಿಲೋಗ್ರಾಮು ಮೀಟರು. ಪೈಪು ಸೇರಿಸಿ ಹಿಡಿಯನ್ನು 90 ಸೆಂಟಿಮೀಟರಿಗೆ ಬೆಳೆಸಿದರೆ ಅದೇ ತೋಳು 27ನ್ನು ಕೊಡುತ್ತದೆ. ಸೋರಿಕೆ ಒಮ್ಮೊಮ್ಮೆ ಆ ಹೊತ್ತಿಗೆ ನಿಲ್ಲುವುದೂ ಉಂಟು, ಅದೇ ದೌರ್ಭಾಗ್ಯ. ಏಕೆಂದರೆ ಸೋರಿಕೆಯ ಮೂಲ ಬೋಲ್ಟಿನಲ್ಲಿ ಇರುವುದು ಅಪರೂಪ. ಸಮುದ್ರದ ನೀರನ್ನು ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲವೋ ಲೋಳೆಮೀನೋ ಅಂಟಿ ನೀರು ನಿಂತಿತ್ತು. ಇಲ್ಲವೆ ಪಂಪಿನ ರಬ್ಬರಿನ ರೆಕ್ಕೆ ಹರಿದಿತ್ತು. ಎಂಜಿನ್ನು ಕಾದು ಹೆಡ್ಡು ಸೊಟ್ಟಗಾಗಿತ್ತು. ಸೊಟ್ಟಗಾದ ಹೆಡ್ಡನ್ನು ಬೋಲ್ಟಿನ ಬಲದಿಂದ ನೆಟ್ಟಗೆ ಮಾಡುತ್ತೇನೆನ್ನುವುದು ಹಟವೇ ಹೊರತು ದುರಸ್ತಿಯಲ್ಲ.

ಅತಿಬಿಗಿಯ ಫಲ ಬೋಲ್ಟಿಗೆ ಮಾತ್ರ ಸೀಮಿತವೆಂದು ತಿಳಿಯಬಾರದು. ಬೀಡುಕಬ್ಬಿಣದ ಬ್ಲಾಕಿನಲ್ಲಿ ಕೊರೆದ ಥ್ರೆಡ್ಡುಗಳು ಉಕ್ಕಿನ ಸ್ಟಡ್ಡಿಗೆ ಸಮನಲ್ಲ. ಎಳೆತ ಮಿತಿಮೀರಿದಾಗ ತೂತಿನ ಬಾಯಿಯ ಸುತ್ತಲಿನ ಲೋಹ ಕಣ್ಣಿಗೆ ಕಾಣದಷ್ಟು ಉಬ್ಬಿ ಮೇಲೇಳುತ್ತದೆ, ಆ ಉಬ್ಬು ಗ್ಯಾಸ್ಕೆಟ್ಟು ಸಮನಾಗಿ ಕೂರುವುದನ್ನು ತಡೆಯುತ್ತದೆ. ಹೀಗೆ ಸೋರಿಕೆಯನ್ನು ನಿಲ್ಲಿಸಲು ಕೊಟ್ಟ ಬಿಗಿಯೇ ಮುಂದಿನ ಸೋರಿಕೆಗೆ ಬೀಜವಾಗುತ್ತದೆ. ಸಿಲಿಂಡರಿನ ಲೈನರು ಮೇಲ್ತುದಿಯಲ್ಲಿ ತನ್ನ ವರ್ತುಲವನ್ನು ಕಳೆದುಕೊಂಡು, ರಿಂಗುಗಳು ಪೂರ್ತಿ ಕೂರದೆ, ಎಂಜಿನ್ನು ಎಣ್ಣೆ ಕುಡಿಯತೊಡಗುತ್ತದೆ. ವಾಲ್ವಿನ ಪೀಠ ಓರೆಯಾಗುತ್ತದೆ. ಎರಡು ವಾಲ್ವುಗಳ ನಡುವಿನ ತೆಳ್ಳನೆಯ ಸೇತುವೆಯಲ್ಲಿ ಬಿರುಕು ಹುಟ್ಟುವುದೂ ಉಂಟು.

ಇನ್ನು ಅಂತಹ ಬೋಲ್ಟನ್ನು ಬಿಚ್ಚುವ ವಿಚಾರ. ಇದರಲ್ಲಿ ಮೊದಲ ಗುಣ ಕಾಯುವುದು. ಎಂಜಿನ್ನು ಪೂರ್ತಿ ತಣ್ಣಗಾಗಿರತಕ್ಕದ್ದು. ಬಿಸಿಯಲ್ಲಿ ಬಿಚ್ಚಿದ ಹೆಡ್ಡು ಬಿಡುಗಡೆಯಾದೊಡನೆ ತನಗೆ ಇಷ್ಟ ಬಂದ ಆಕಾರಕ್ಕೆ ತಿರುಗಬಹುದು. ನಟ್ಟಿನ ಸುತ್ತಲಿನ ತುಕ್ಕನ್ನೂ ಹಳೆಯ ಬಣ್ಣವನ್ನೂ ತಂತಿಯ ಬ್ರಷ್ಷಿನಿಂದ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ, ಒಂದು ರಾತ್ರಿಯಾದರೂ ಬಿಡಬೇಕು. ಎರಡು ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಮಡಿಗೂ ಮೀರಿ ಬೆಳೆಯುವುದರಿಂದ ಥ್ರೆಡ್ಡುಗಳ ನಡುವಿನ ಸಂದಿ ಮುಚ್ಚಿಹೋಗಿರುತ್ತದೆ, ಎಣ್ಣೆಗೆ ಒಳದಾರಿ ಸಿಗುವುದು ನಿಧಾನ. ನಡುನಡುವೆ ನಟ್ಟಿನ ತಲೆಯ ಮೇಲೆ ಹಿತ್ತಾಳೆಯ ತುಂಡನ್ನು ಇಟ್ಟು ಸುತ್ತಿಗೆಯಿಂದ ನೇರವಾಗಿ ತಟ್ಟಿದರೆ ಆ ಅದುರಿಗೆ ತುಕ್ಕಿನ ಹಿಡಿತ ಒಡೆಯುತ್ತದೆ.

ಸ್ಪ್ಯಾನರು ಆರು ಮೂಲೆಯ ಸಾಕೆಟ್ಟೇ ಆಗಿರಬೇಕು, ನಟ್ಟಿಗೆ ಅಳತೆ ಸರಿಹೊಂದಿರಬೇಕು. ಹಳೆಯ ಬ್ರಿಟಿಷ್ ಎಂಜಿನ್ನುಗಳಲ್ಲಿ ಇದು ಸಣ್ಣ ಮಾತಲ್ಲ. 1841ರಲ್ಲಿ ಜೋಸೆಫ್ ವ್ಹಿಟ್‌ವರ್ತ್ ಗೊತ್ತುಮಾಡಿದ 55 ಡಿಗ್ರಿ ಕೋನದ ಥ್ರೆಡ್ಡುಗಳೂ, ಆಮೇಲೆ ಬಂದ 60 ಡಿಗ್ರಿಯವೂ ಒಂದೇ ಬೋಟಿನಲ್ಲಿ ಅಕ್ಕಪಕ್ಕದಲ್ಲಿ ವಾಸಿಸುತ್ತವೆ. ಅರ್ಧ ಇಂಚಿನ ವ್ಹಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು. ಅದೇ ದಪ್ಪದ ಅಮೆರಿಕನ್ ಒರಟು ಥ್ರೆಡ್ಡಿಗೆ 13. ಒಂದರ ತೂತಿಗೆ ಇನ್ನೊಂದನ್ನು ಹಾಕಿದರೆ ಎರಡು ಮೂರು ಸುತ್ತು ಸರಾಗವಾಗಿ ಒಳಗೆ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ. ತಿಳಿಯದವನು ಅದನ್ನೇ ಬಿಗಿಯೆಂದು ಭ್ರಮಿಸಿ ಇನ್ನೂ ಒತ್ತುತ್ತಾನೆ.

ಬಿಚ್ಚುವ ಕ್ರಮ ಬಿಗಿಯುವ ಕ್ರಮಕ್ಕೆ ತದ್ವಿರುದ್ಧ: ಹೊರಗಿನಿಂದ ನಡುವಿನ ಕಡೆಗೆ, ಒಂದೊಂದಕ್ಕೆ ಕಾಲು ಸುತ್ತಿನಂತೆ, ಎಲ್ಲವನ್ನೂ ಸುತ್ತಿ ಬಂದು ಮತ್ತೆ ಮೊದಲಿನಿಂದ. ಒಂದು ಬೋಲ್ಟನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋದರೆ, ಅದು ಹೊರುತ್ತಿದ್ದ ಭಾರವೆಲ್ಲ ಪಕ್ಕದವುಗಳ ಮೇಲೆ ಬಿದ್ದು, ಮೊದಲೇ ಗಡಿಯಲ್ಲಿದ್ದವು ಗಡಿ ದಾಟುತ್ತವೆ.

ಮಲ್ಪೆಯಲ್ಲಿ ನಾನು ಬಹಳ ಹೊತ್ತು ಕುಳಿತು ನೋಡಿದ ವೃದ್ಧ ಫಿಟ್ಟರೊಬ್ಬರು ಉದ್ದನೆಯ ಹಿಡಿಯ ಮೇಲೆ ಎರಡೂ ಕೈಯಿಟ್ಟು, ಎಳೆತವನ್ನು ಏರಿಸುತ್ತ ಏರಿಸುತ್ತ, ಕಣ್ಣು ಮುಚ್ಚಿಕೊಂಡು ಬಿಡುತ್ತಿದ್ದರು. ನಟ್ಟು ಟಕ್ಕೆಂದು ಸದ್ದು ಮಾಡಿ ಬಿಟ್ಟುಕೊಟ್ಟರೆ ಅವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಸದ್ದಿಲ್ಲದೆ ಮೆತ್ತಗೆ, ಬೆಲ್ಲದ ಪಾಕದೊಳಗೆ ತಿರುಗಿದ ಹಾಗೆ ಹಿಡಿ ಸರಿದಾಗ ಮಾತ್ರ ತಟ್ಟನೆ ಕೈ ತೆಗೆದು, ಆ ಸ್ಟಡ್ಡಿನ ತಲೆಗೆ ಬಿಳಿಯ ಸುಣ್ಣದ ಬೊಟ್ಟನ್ನು ಇಡುತ್ತಿದ್ದರು. ನಟ್ಟು ತಿರುಗುತ್ತಿಲ್ಲ, ಉಕ್ಕು ತಿರುಚಿಕೊಳ್ಳುತ್ತಿದೆ ಎಂಬುದರ ಲಕ್ಷಣವದು. ಅಂತಹ ಕಡೆ ಇನ್ನೂ ಎಳೆಯುವವನ ಕೈಯಲ್ಲಿ ಮುಂದಿನ ಕ್ಷಣ ಉಳಿಯುವುದು ಅರ್ಧ ಸ್ಟಡ್ಡು. ಬೊಟ್ಟಿಟ್ಟದ್ದಕ್ಕೆ ಮತ್ತೆ ಎಣ್ಣೆ, ಮತ್ತೆ ತಟ್ಟುವಿಕೆ, ಕೊನೆಗೆ ನಟ್ಟಿಗೆ ಮಾತ್ರ ಗ್ಯಾಸಿನ ಜ್ವಾಲೆ. ಬಿಸಿ ನಟ್ಟು ಹಿಗ್ಗಿ ಸಡಿಲವಾಗುತ್ತದೆ. ಬೀಡುಕಬ್ಬಿಣಕ್ಕೆ ಜ್ವಾಲೆಯನ್ನು ಒಂದೇ ಕಡೆ ಹಿಡಿದರೆ ಬಿರುಕು ಬಿಡುವುದೆಂದು ಅವರು ಅದನ್ನು ಹೆಡ್ಡಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಕೆಲವರು ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೆ ತಿರುಗಿಸಿ ತುಕ್ಕನ್ನು ಒಡೆದು ಆಮೇಲೆ ಬಿಚ್ಚುತ್ತಾರೆ. ಬರಿಯ ತುಕ್ಕು ಹಿಡಿದ ಬೋಲ್ಟಿಗೆ ಇದು ಒಳ್ಳೆಯ ಉಪಾಯ; ಅತಿಬಿಗಿದದ್ದಕ್ಕೆ ಇದು ಕೊನೆಯ ಪೆಟ್ಟು.

ಇಷ್ಟೆಲ್ಲ ಮಾಡಿಯೂ ಒಂದೆರಡು ಮುರಿಯುತ್ತವೆ. ತುಂಡು ಬ್ಲಾಕಿನ ಮೇಲೆ ಬೆರಳಿನಷ್ಟು ಉಳಿದಿದ್ದರೆ ಎರಡು ನಟ್ಟುಗಳನ್ನು ಒಂದರ ಮೇಲೊಂದು ಹಾಕಿ ಪರಸ್ಪರ ಬಿಗಿದು, ಕೆಳಗಿನದಕ್ಕೆ ಸ್ಪ್ಯಾನರು ಹಾಕಿ ತಿರುಗಿಸಿದರೆ ಸ್ಟಡ್ಡು ಹೊರಬರುತ್ತದೆ. ಮಟ್ಟಸವಾಗಿ ಮುರಿದಿದ್ದರೆ ಅದರ ನೆತ್ತಿಗೆ ಒಂದು ನಟ್ಟನ್ನಿಟ್ಟು ಒಳಗಿನಿಂದ ವೆಲ್ಡಿಂಗ್ ಮಾಡುವುದುಂಟು. ವೆಲ್ಡಿಂಗಿನ ಕಾವಿಗೇ ತುಕ್ಕಿನ ಹಿಡಿತ ಸಡಿಲವಾಗಿ, ಎಷ್ಟೋ ಸಲ ಅದು ನಿರಾಯಾಸವಾಗಿ ಸುತ್ತಿಕೊಂಡು ಬರುತ್ತದೆ. ಅದೂ ಆಗದಿದ್ದರೆ ಕೊರೆಯಬೇಕು, ನಟ್ಟನಡುವೆ, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ, ಎಡಕ್ಕೆ ತಿರುಗುವ ಡ್ರಿಲ್ಲಾದರೆ ಉತ್ತಮ. ತುಂಡನ್ನು ಕಚ್ಚಿ ತಿರುಗಿಸುವ ಎಕ್ಸ್‌ಟ್ರಾಕ್ಟರಿನ ಮೇಲೆ ನನಗೆ ವಿಶ್ವಾಸ ಕಡಿಮೆ. ಗಡುಸಾದ ಆ ಉಕ್ಕು ತೂತಿನೊಳಗೆ ಮುರಿಯಿತೆಂದರೆ ಯಾವ ಸಾಮಾನ್ಯ ಡ್ರಿಲ್ಲೂ ಅದನ್ನು ಕೊರೆಯಲಾರದು. ಥ್ರೆಡ್ಡು ಹೋಗಿದ್ದರೆ ತೂತನ್ನು ಹಿರಿದು ಮಾಡಿ, ಸ್ಟೇನ್‌ಲೆಸ್ ತಂತಿಯ ಸುರುಳಿಯಾದ ಹೆಲಿಕಾಯಿಲನ್ನು ಕೂರಿಸಬಹುದು; ಸರಿಯಾಗಿ ಕೂರಿಸಿದ್ದು ಮೂಲ ಬೀಡಿನ ಥ್ರೆಡ್ಡಿಗಿಂತ ದುರ್ಬಲವಲ್ಲ. ಹಳೆಯ ಎಂಜಿನ್ನಿಗೆ ಸ್ಟಡ್ಡು ಪೇಟೆಯಲ್ಲಿ ಸಿಗದಿದ್ದಾಗ ಲೇತಿನ ಮೇಲೆ ಕಡೆಸಬೇಕಾಗುತ್ತದೆ. 1941ರಲ್ಲಿ ಆರಂಭವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಈ ನಾಡಿನ ಎಷ್ಟೋ ವರ್ಕ್‌ಶಾಪುಗಳಲ್ಲಿ ಇಂತಹ ಕೆಲಸಕ್ಕೆ ದುಡಿದಿವೆ. ಆದರೆ ಲೇತು ಎಷ್ಟೇ ಒಳ್ಳೆಯದಿರಲಿ, ಕೈಗೆ ಸಿಕ್ಕ ಮೆದು ಕಬ್ಬಿಣದ ಸರಳಿನಿಂದ ಕಡೆದ ಸ್ಟಡ್ಡು ಹೊಳೆಯುತ್ತದೆಯೇ ಹೊರತು ಹಿಡಿಯುವುದಿಲ್ಲ. ಯಾವ ದರ್ಜೆಯ ಉಕ್ಕೆಂದು ಕೇಳಿ ತಿಳಿದೇ ಕೊಡಬೇಕು.

ಹೊರಬಂದ ಬೋಲ್ಟುಗಳನ್ನು ಪರೀಕ್ಷಿಸಲು ದೊಡ್ಡ ಸಲಕರಣೆ ಬೇಡ. ಹೊಸದೊಂದರ ಪಕ್ಕದಲ್ಲಿ ನಿಲ್ಲಿಸಿ ಉದ್ದವನ್ನು ಹೋಲಿಸಿದರೆ ಹಿಗ್ಗಿದ್ದು ತಿಳಿಯುತ್ತದೆ. ಹೊಸ ನಟ್ಟನ್ನು ಬರಿಬೆರಳಿನಿಂದ ಥ್ರೆಡ್ಡಿನ ಉದ್ದಕ್ಕೂ ಓಡಿಸಿದಾಗ ಅದು ನಡುವೆ ಎಲ್ಲಿಯಾದರೂ ತಡೆದರೆ, ಅಲ್ಲಿ ಸುತ್ತುಗಳ ಅಂತರ ಕೆಟ್ಟಿದೆಯೆಂದು ಅರ್ಥ. ಥ್ರೆಡ್ಡಿನ ಮೇಲೆ ಉಕ್ಕಿನ ಸ್ಕೇಲನ್ನಿಟ್ಟು ಬೆಳಕಿಗೆ ಹಿಡಿದರೆ ಸೊಂಟ ಸಣ್ಣಗಾದ ಜಾಗದಲ್ಲಿ ಗೆರೆಯಷ್ಟು ಬೆಳಕು ನುಸುಳುತ್ತದೆ. ಇವುಗಳಲ್ಲಿ ಒಂದು ಪರೀಕ್ಷೆಯಲ್ಲಿ ಸೋತರೂ ಆ ಬೋಲ್ಟು ಗುಜರಿಗೆ. ನಾನಾದರೆ ಅದರ ಜೊತೆಯವುಗಳನ್ನೂ ಕಳಿಸಿಬಿಡುತ್ತೇನೆ. ಒಂದೇ ಕೈ ಒಂದೇ ಕೋಪದಲ್ಲಿ ಬಿಗಿದವುಗಳಲ್ಲಿ ಒಂದು ಮಾತ್ರ ಕೆಟ್ಟಿರುವುದು ನಂಬತಕ್ಕ ಮಾತಲ್ಲ.

ಬ್ಲಾಕಿನ ತೂತುಗಳ ಬಾಯಿಯಲ್ಲಿ ಎದ್ದ ಉಬ್ಬನ್ನು ಚಪ್ಪಟೆ ಅರದಿಂದ ಮಟ್ಟಮಾಡಿ, ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಸಂದಿಯಲ್ಲಿ ಫೀಲರ್ ಗೇಜು ತೂರುತ್ತದೆಯೇ ನೋಡಬೇಕು. ಕೈಪಿಡಿ ಸಹಿಸುವ ಸೊಟ್ಟ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಮೀರಿದರೆ ಹೆಡ್ಡು ಮೆಷಿನಿಂಗಿಗೆ ಹೋಗತಕ್ಕದ್ದು. ಹಳೆಯ ತಾಮ್ರದ ಗ್ಯಾಸ್ಕೆಟ್ಟುಗಳ ಒಡಲಿನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ಒಣಗಿದ್ದಾಗ ಕೆರೆಯದೆ, ಒದ್ದೆ ಮಾಡಿ ತೆಗೆಯುವುದು ಕ್ಷೇಮ. ಇನ್ನೊಂದು ಎಚ್ಚರಿಕೆ: ತಳ ಮುಚ್ಚಿದ ತೂತುಗಳಲ್ಲಿ ಎಣ್ಣೆಯಾಗಲಿ ನೀರಾಗಲಿ ಉಳಿದಿದ್ದರೆ, ಬೋಲ್ಟು ಇಳಿದಂತೆ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳಬಲ್ಲದು. ಗಾಳಿ ಊದಿ ಒಣಗಿಸಿದ ಮೇಲೆಯೇ ಜೋಡಣೆ.

ಮತ್ತೆ ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಮೂರು ಹಂತಗಳಲ್ಲಿ, ಕೊನೆಯ ಅಂಕಿಗೆ ನಿಧಾನವಾಗಿ ಬರಬೇಕು. ನಾನು ಹೇಳಿದ ಆ ಫಿಟ್ಟರು ರೆಂಚು ಕ್ಲಿಕ್ ಎಂದೊಡನೆ ಕೈ ತೆಗೆದರು. ಬೋಟಿನ ತಾಂಡೇಲರಿಗೆ ಸಮಾಧಾನವಾಗಲಿಲ್ಲ.

"ಇನ್ನೊಂದು ಕಾಲು ಸುತ್ತು ಕೊಟ್ಟುಬಿಡಿ ಮಾರಾಯ್ರೆ, ಮತ್ತೆ ಲೀಕ್ ಆಗುವುದು ಬೇಡ."

"ಕೊಡಬಹುದು ತಾಂಡೇಲರೆ. ಆದರೆ ಬೋಲ್ಟು ಹೋದರೆ ನಡುಕಡಲಿನಿಂದ ನನಗೆ ಫೋನು ಮಾಡಬೇಡಿ."

ಕಾಲು ಸುತ್ತು ಉಳಿಯಿತು.

ಬೋಟಿನ ಯಜಮಾನರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಹೆಡ್ಡು ಬಿಚ್ಚಿದಾಗಲೆಲ್ಲ, ಎಂಜಿನ್ ಕೋಣೆಯ ಹಲಗೆಯ ಮೇಲೆ ನಾಲ್ಕು ಸಂಗತಿಗಳನ್ನು ಬಣ್ಣದಲ್ಲಿ ಬರೆಸಿಡಿ: ದಿನಾಂಕ, ಕೈಪಿಡಿಯಲ್ಲಿರುವ ಟಾರ್ಕಿನ ಅಂಕಿ ಮತ್ತು ಅದರ ಮಾನ, ಥ್ರೆಡ್ಡಿಗೆ ಎಣ್ಣೆ ಸವರಿತ್ತೇ ಇಲ್ಲವೇ, ಬೋಲ್ಟುಗಳು ಹೊಸವೇ ಹಳೆಯವೇ. ಕೈಪಿಡಿ ಕೆಲವು ಗಂಟೆಗಳ ಓಟದ ನಂತರ ಮರುಬಿಗಿತ ಹೇಳಿದ್ದರೆ ಅದನ್ನೂ ಮಾಡಿಸಿ, ಅದೇ ಹಲಗೆಯ ಮೇಲೆ ಬರೆಸಿ. ಸ್ಪ್ಯಾನರಿಗೆ ಸಿಕ್ಕಿಸುವ ಕಬ್ಬಿಣದ ಪೈಪನ್ನು ಬೋಟಿನಿಂದ ಇಳಿಸಿ ಮನೆಗೆ ಒಯ್ಯಿರಿ.